ಎಣ್ಣೆಬಾವಿಯ ಹೊಸ ಸರಳು ಮತ್ತು ನಮ್ಮ ಹೊಳಬಸಪ್ಪನವರು

ಹಂಸಭಾವಿಯ ಹಿರಿಯರೇ, ಹಿರೇಕೆರೂರಿನಿಂದ ಬಂದಿರುವ ಬಂಧುಗಳೇ, ಮುಂದೆ ಕುಳಿತಿರುವ, ಹೊಳಬಸಪ್ಪನವರ ಮನೆಯವರಾದ ನಮ್ಮ ಸರೋಜಕ್ಕ — ಎಲ್ಲರಿಗೂ ನಮಸ್ಕಾರ. ನಾನು ದಿಲಾವರ, ಸವಣೂರಿನವನು. ಗುಜರಾತಿನ ಎಣ್ಣೆಬಾವಿಗಳಲ್ಲಿ ಹೊಳಬಸಪ್ಪನವರು ಇಂಜಿನಿಯರ್, ನಾನು ಫಿಟ್ಟರ್. ವರ್ಷಗಟ್ಟಲೆ ಒಂದೇ ಬಿಸಿಲು ತಿಂದವರು.

ಈ ಊರಿನವರು ನನ್ನನ್ನು ಕೇಳುತ್ತಾರೆ — "ನಮ್ಮ ಹೊಳಬಸಪ್ಪ ಅಲ್ಲೇನ ಮಾಡ್ತಿದ್ರಪಾ?" ಹೇಳುತ್ತೇನೆ.

ಎಣ್ಣೆಬಾವಿ ನಮ್ಮ ಬಾವಿಯಂತಲ್ಲ. ಅಗಲ ಒಂದು ಗೇಣು, ಆಳ ಮೈಲಿಯ ಲೆಕ್ಕ. ಮೇಲೊಂದು ದೊಡ್ಡ ಯಂತ್ರ — ಹೀಗೆ, ನನ್ನ ಕೈ ನೋಡಿ — ತಲೆ ಎತ್ತುತ್ತ, ಇಳಿಸುತ್ತ ಇರುತ್ತದೆ. ತಳದಲ್ಲಿ ಪಂಪು. ನಡುವೆ ಒಂದಕ್ಕೊಂದು ಜೋಡಿಸಿದ ಕಬ್ಬಿಣದ ಸರಳುಗಳು. ಉಪ್ಪುನೀರಿಗೆ ಅವು ತುಕ್ಕು ಹಿಡಿದು ತುಂಡಾಗುತ್ತಲೇ ಇದ್ದವು. ಎಂಬತ್ತಮೂರರಲ್ಲಿ ಫೈಬರ್‌ಗ್ಲಾಸಿನ ಸರಳು ಬಂದವು. ಹಗುರ, ತುಕ್ಕಿಲ್ಲ. ಇಳಿಸಿದೆವು — ಮುರಿದವು. ಮತ್ತೆ ಇಳಿಸಿದೆವು — ಮತ್ತೆ ಮುರಿದವು. ಆ ಸಲ ಮೇಲಿನ ಯಂತ್ರ ತೂಕ ತಪ್ಪಿ, ನಮ್ಮ ಹಾನಗಲ್ಲಿನ ಗಿರಿಯಪ್ಪನ ಬಲಗೈ ಹೋಯಿತು.

ದೊಡ್ಡ ಸಾಹೇಬರ ಅಪ್ಪಣೆಯಾಯಿತು — ಸರಳು ವಾಪಸ್, ಬಾವಿ ಬಂದ್. ಬಾವಿ ಬಂದ್ ಎಂದರೆ ದಿನಗೂಲಿಯವರೆಲ್ಲ ಮನೆಗೆ.

ಆಸ್ಪತ್ರೆಯಲ್ಲಿ ಗಿರಿಯಪ್ಪನ ಪಕ್ಕ ಕುಳಿತು ಹೊಳಬಸಪ್ಪನವರು ನನಗೆ ಹೇಳಿದರು: "ಸರಳಿಂದೇನೂ ತಪ್ಪಿಲ್ಲೋ ದಿಲಾವರ. ನಾವು ಎತ್ತು ಬದಲಿಸಿದ್ವಿ, ನೊಗ ಹಳೇದ ಇಟ್ವಿ."

ಫೈಬರ್‌ಗ್ಲಾಸ್ ಎಳೆದರೆ ಹಿಗ್ಗುತ್ತದೆ, ಒತ್ತಿದರೆ ಸೀಳುತ್ತದೆ. ಅದು ಸದಾ ಬಿಗಿಯಾಗಿರಲು ತಳದಲ್ಲಿ ಭಾರದ ಕಬ್ಬಿಣ ಬೇಕು. ಪಂಪು ಚಿಕ್ಕದಾಗಬೇಕು. ಸರಳು ಹಗುರವಾದ ಮೇಲೆ ಯಂತ್ರದ ಹಿಂದಿನ ತೂಕವನ್ನೂ ಇಳಿಸಬೇಕು. ಮೂರೂ ಒಂದಕ್ಕೊಂದು ಒಪ್ಪಬೇಕು. ಇದನ್ನೇ ಅವರು ಸಾಹೇಬರ ಮುಂದೆ ಹಟ ಹಿಡಿದು ವಾದಿಸಿದರು. ಹಿಂದಿಯಲ್ಲಿ ಆಡಿದ್ದನ್ನು ನಮ್ಮ ಮಾತಿನಲ್ಲಿ ಹೇಳುತ್ತೇನೆ — "ಈ ಸಲಾನೂ ಮುರಿದ್ರ ನನ್ನ ಕೆಲಸದಿಂದ ತಗೀರಿ. ಬಾವಿ ಬಂದ್ ಮಾಡಬ್ಯಾಡ್ರಿ."

ಸಾಹೇಬರು ಒಪ್ಪಿದರು. ಮೇ ತಿಂಗಳ ಬಿಸಿಲು. ಎಲ್ಲ ಹೊಂದಿಸಿದ ಮೇಲೆ ನಮ್ಮನ್ನು ದೂರ ನಿಲ್ಲಿಸಿ, ಯಂತ್ರದ ಹತ್ತಿರ ತಾವೊಬ್ಬರೇ ನಿಂತರು. ನಾನೂ ಹತ್ತಿರ ಹೋದೆ. ಅವರು ಗದರಿದರು: "ಆಚೆ ಸರಿ ನೀ. ನನ್ನ ಲೆಕ್ಕ ತಪ್ಪಿದ್ರ ಪೆಟ್ಟು ನನಗ ಬೀಳ್ಲಿ. ಇನ್ನೊಬ್ರ ಕೈ ಹೋಗೂದು ಬ್ಯಾಡ."

ಯಂತ್ರ ತಲೆ ಎತ್ತಿತು — ಇಳಿಸಿತು. ಈ ಸಲ ತೂಕ ತಪ್ಪಿ ಅಲುಗಾಡಲಿಲ್ಲ. ಬಹಳ ಹೊತ್ತಿನ ಮೇಲೆ ಪೈಪಿನಲ್ಲಿ ಎಣ್ಣೆ ಬಂತು. ನಮ್ಮ ಹುಡುಗರು ಅವರನ್ನು ಎತ್ತಿ ಕುಣಿದರು. ಸಿಟ್ಟು ಅವರಿಗೆ ಮೂಗಿನ ತುದಿಯಲ್ಲೇ — "ಇಳಸ್ರಿ ನನ್ನ. ಇದು ಒಂದ್ ಮಳಿಗಾಲ ನಡೀಲಿ, ಆಮ್ಯಾಲ ಕುಣೀರಿ."

ಮಳೆಗಾಲ ಕಳೆಯಿತು, ವರ್ಷ ಕಳೆಯಿತು, ಸರಳು ಮುರಿಯಲಿಲ್ಲ. ಉಳಿದ ಬಾವಿಗಳಿಗೂ ಅದೇ ಕ್ರಮ ಬಂತು. ಊರಿಗೆ ಹೋಗಿದ್ದ ಗಿರಿಯಪ್ಪನನ್ನು ಅವರೇ ಹಾನಗಲ್ಲಿಗೆ ಹೋಗಿ ಕರೆತಂದರು. "ಒಂಟಿಗೈಯವ ನಾ ಏನ್ ಮಾಡ್ಲಿರಿ?" ಎಂದ. "ಕಣ್ಣು ಎರಡೂ ಅದಾವಲ್ಲ. ಬಾವಿಗೆ ಇಳಿಸೂ ಮುಂದ ಪ್ರತಿಯೊಂದು ಸರಳು ನೀನ ನೋಡು. ನೀ ಹೂಂ ಅಂದ್ರನ ಇಳೀತೈತಿ." ಇಂದಿಗೂ ಅವನೇ ನೋಡುತ್ತಾನೆ.

ಹೋದ ತಿಂಗಳು ರಜೆಗೆ ಬಂದವರು ಹೃದಯ ನಿಂತು ಇಲ್ಲೇ ಉಳಿದುಬಿಟ್ಟರು. ಸರೋಜಕ್ಕ, ಎಷ್ಟೋ ಹಬ್ಬಗಳಲ್ಲಿ ಅವರು ನಿಮ್ಮ ಜೊತೆಗಿರಲಿಲ್ಲ. ಆ ದಿನಗಳಲ್ಲಿ ಅವರು ನಮ್ಮ ಜೊತೆಗಿದ್ದರು. ಗಿರಿಯಪ್ಪನ ನಂತರ ನಮ್ಮಲ್ಲಿ ಯಾರ ಕೈಕಾಲೂ ಹೋಗಲಿಲ್ಲ, ಎಲ್ಲರೂ ಕ್ಷೇಮವಾಗಿ ಮನೆಗೆ ಮರಳಿದೆವು. ಇಷ್ಟೇ ನಾನು ಹೇಳಬಲ್ಲೆ.

ದಯವಿಟ್ಟು ಎಲ್ಲರೂ ಎದ್ದು ನಿಲ್ಲೋಣ. ವಯಸ್ಸಾದವರು ಕುಳಿತೇ ಇರಿ. ಹೊಳಬಸಪ್ಪನವರಿಗಾಗಿ — ಸ್ವಲ್ಪ ಹೊತ್ತು, ಮಾತಿಲ್ಲದೆ.