ಕಾರು ಹತ್ತಿದೆ, ಮುದುಕಿ

...ಅದನ್ನೇ ನಾನೂ ಹೇಳ್ತಿರೋದು, ಸುಲ್ಮಾ! ಒಪ್ಕೊಳ್ಳೋದು ಅಂದ್ರೆ ಮಾಡಿದೀನಿ ಅಂತಲ್ಲ ಕಣಮ್ಮ. ಬೇಗ ಮುಗೀಲಿ ಅಂತ, ಅಷ್ಟೆ. ಗುರುವಾರ ಏಬೆರ್ ಆ ಕಾಗದಕ್ಕೆ ಸೈನ್ ಹಾಕಿದ್ರೆ ಎರಡು ವರ್ಷ. ಹಟ ಹಿಡಿದು ಕೇಸು ನಡೆಸ್ತೀನಿ ಅಂದ್ರೆ ಆರೋ ಏಳೋ. ನಿನ್ನ ಗಂಡನಿಗೀಗ ಐವತ್ತೆಂಟು. ಅಲ್ಲಿಂದ ಹೊರಗೆ ಬರೋ ಹೊತ್ತಿಗೆ ಏನು ಉಳಿದಿರ್ತಾನೆ? ನೀನೇ ಹೇಳು.

ತಗೋ, ಕುಡಿ. ಮೊದಲನೇ ಸುತ್ತಿನ ಕಹಿಯೆಲ್ಲ ನಾನೇ ಕುಡಿದಾಯ್ತು, ಈಗ ಮಾಟೆ ಎಲೆ ಬಿಸಿನೀರಲ್ಲಿ ನೆಂದು ಹದಕ್ಕೆ ಬಂದಿದೆ. ಸಕ್ಕರೆ ಇಲ್ಲ. ಮಾಟೆಗೆ ಸಕ್ಕರೆ ಹಾಕಿದ್ರೆ ಏಬೆರ್ ನನ್ನ ಕಾರಿಂದ ಕೆಳಗಿಳಿಸಿಬಿಡ್ತಿದ್ದ! ...ನಗು ಬರಲ್ವಾ. ಸರಿ. ನನಗೂ ಬರಲ್ಲ ಬಿಡು.

ಮನೇಲೇ ಕೂತು ಮಾತಾಡಬಹುದಿತ್ತು ನೋಡು. ಇಲ್ಲೇ, ಈ ಕಾರಲ್ಲೇ ಕೂತ್ಕೋಬೇಕು ಅಂತ ನಿನಗ್ಯಾಕೆ ಅನ್ನಿಸ್ತೋ! ಪೊಲೀಸರು ಇದನ್ನ ಬಿಟ್ಟುಕೊಟ್ಟು ನಾಲ್ಕು ದಿನ ಆಯ್ತು. ಮಾಲೀಕ ಒಡೆದ ದೀಪ ಬದಲಾಯಿಸಿದ, ತೊಳೆಸಿದ, ಹೋಗಿ ದುಡಿ ಅಂದ. ಮೂರು ವಾರ ಕಾರು ಸುಮ್ನೆ ನಿಂತಿತ್ತಲ್ಲ, ಅದೇ ಅವನಿಗೆ ಸಂಕಟ. ಮನುಷ್ಯರ ಸಂಕಟ ಯಾರಿಗೆ ಬೇಕು?

ಏನು ನೋಡ್ತಿದೀಯ? ಕಾರಿನ ಪರದೆನಾ? ಆಫ್ ಆಗಿದೆ. ನನ್ನ ಫೋನೂ ಆಫ್ ಮಾಡಿದೀನಿ. ಇಲ್ಲಾಂದ್ರೆ ಕಾರು ಶುರು ಮಾಡಿದ ತಕ್ಷಣ ಅದರ ಮುಖ ಇಲ್ಲಿ ಬಂದು ಕೂತ್ಕೊಳ್ಳುತ್ತೆ, ಮಾಲೀಕ ಕರೆ ಮಾಡ್ತಾನೇ ಇರ್ತಾನೆ. ವೈರಿಲ್ಲ, ಏನಿಲ್ಲ. ಫೋನು ಜೇಬಲ್ಲಿ, ಅದರ ನಕ್ಷೆ, ಹಾಡು, ಮೆಸೇಜು ಎಲ್ಲ ಪರದೆ ಮೇಲೆ! ಕಾರು ಕೈ ಬದಲಾಯಿಸೋವಾಗ ನಾವಿಬ್ಬರೂ ಅಕ್ಕಪಕ್ಕ ನಿಂತ್ರೆ ಇದಕ್ಕೆ ಗೊಂದಲ. ಇಬ್ಬರು ಹೆಂಡಿರ ಗಂಡನ ಪಾಡು. ಏಬೆರ್ ಬಯ್ತಿದ್ದ, 'ವಿಲ್ಮಾರ್, ನಿನ್ನ ದರಿದ್ರ ಫೋನ್ ತಗೊಂಡು ದೂರ ಹೋಗೋ, ನನ್ನದು ಸೇರ್ಕೊಳ್ಳಲಿ' ಅಂತ...

ಹನ್ನೊಂದು ವರ್ಷ, ಸುಲ್ಮಾ. ಹನ್ನೊಂದು ವರ್ಷ ಒಂದೇ ಸೀಟು ಹಂಚಿಕೊಂಡಿದೀವಿ. ನನಗೆ ಬೇಜಾರಿಲ್ಲ ಅಂದ್ಕೊಂಡಿದೀಯಾ?

ಹಾಗೆ ನೋಡಬೇಡ. ಪೊಲೀಸರಿಗೆ ಇದ್ದದ್ದನ್ನ ಇದ್ದ ಹಾಗೆ ಹೇಳಿದೆ. ಹಗಲು ನಾನು, ಐದರಿಂದ ಅವನು. ಕಾರು ಕೈ ಬದಲಾಯಿಸೋ ಹಾಳೆ ಮೇಲೆ ಇಬ್ಬರ ಸೈನೂ ಇದೆ. ಐದು ಗಂಟೆ ಅಂತ ಬರೆದಿದೆ... ಹೌದಮ್ಮ, ಗೊತ್ತು, ಯಾವಾಗಲೂ ಐದು ಅಂತಲೇ ಬರೀತೀವಿ! ಚಾರ್ಜ್ ಹಾಕೋ ಕಡೆ ಸಾಲಿರಲಿ, ಮಳೆ ಬಂದು ರಸ್ತೆ ಕಟ್ಟಿಕೊಳ್ಳಲಿ, ಐದೂವರೆ ಆಗಲಿ, ಬರೆಯೋದು ಐದೇ. ಊರಲ್ಲಿರೋ ಟ್ಯಾಕ್ಸಿಯೋರೆಲ್ಲ ಹಾಗೇ. ತಡ ಅಂತ ಬರೆದು ಮಾಲೀಕನ ಬಾಯಿಗೆ ಬೀಳೋರು ಯಾರು? ಆದ್ರೆ ಆ ಮಂಗಳವಾರ ನಿಜವಾಗ್ಲೂ ಐದಕ್ಕೇ ಕೊಟ್ಟೆ. ಐದು ಅಂದ್ರೆ ಐದು. ಕೊಟ್ಟೆ, ಬಸ್ ಹತ್ತಿದೆ, ಮನೆಗೆ ಹೋದೆ. ಐದೂವರೆಗೆ ಅಮ್ಮನ ಜೊತೆ ಕೂತು ಮಾಟೆ ಕುಡೀತಿದ್ದೆ. ಅಮ್ಮನ್ನ ಕೇಳು ಬೇಕಾದ್ರೆ.

ದೋನ್ ಎಲಾಡಿಯೊಗೆ ಕಾರು ಗುದ್ದಿದ್ದು ಐದು ಹನ್ನೆರಡಕ್ಕೆ. ಔಷಧಿ ಅಂಗಡಿ ಕ್ಯಾಮೆರಾದಲ್ಲಿ ಗಂಟೆ ಇದೆ, ಕಾರಿನ ನಂಬರಿದೆ. ಗಾಜಿನ ಮೇಲೆ ಮಳೆ, ಒಳಗಿರೋನ ಮುಖ ಮಾತ್ರ ಕಾಣಲ್ಲ. ಪಾಪ ಮುದುಕ, ಮಳೆ ಬಂದಿದ್ದಕ್ಕೆ ಸೈಕಲ್ ಮೇಲೆ ಬುಟ್ಟಿ ಇಟ್ಕೊಂಡು ತೊರ್ತಾ ಮಾರೋಕೆ ಹೊರಟಿದ್ದ. ಮಳೆ ಬಂದ್ರೆ ತಾನೇ ಜನಕ್ಕೆ ಎಣ್ಣೇಲಿ ಕರಿದ ಆ ಬಿಸಿ ರೊಟ್ಟಿ ನೆನಪಾಗೋದು! ಬೆನ್ನ ಹಿಂದೆ ಕಾರು ಬಂದಿದ್ದು ಅವನಿಗೆ ಕೇಳಿಸಿರಲ್ಲ. ಕರೆಂಟಿನ ಕಾರು ತಾನೆ, ಬೆಕ್ಕಿನ ಹಾಗೆ ಬರುತ್ತೆ. ಯಾರ ತಪ್ಪೂ ಅಲ್ಲ ಒಂದು ಲೆಕ್ಕದಲ್ಲಿ... ನಿಲ್ಲಿಸದೆ ಹೋದದ್ದು ತಪ್ಪು. ಅದೊಂದು ತಪ್ಪು. ಹೆದರಿದಾಗ ಕಾಲು ತಾನಾಗೇ ಒತ್ತಿಬಿಡುತ್ತೆ, ಗೊತ್ತಾ? ಹೆದರಿರ್ತಾನೆ ಏಬೆರ್.

ಏಬೆರ್ ಹೇಳೋದು ನನಗೂ ಗೊತ್ತು. 'ಐದು ನಲವತ್ತಕ್ಕೆ ಕಾರು ಸಿಕ್ತು, ದೀಪ ಆಗಲೇ ಒಡೆದಿತ್ತು, ಕಂಬಕ್ಕೆ ತಗುಲ್ತು ಅಂತ ವಿಲ್ಮಾರ್ ಹೇಳಿದ.' ಪಾಪ. ಜೈಲಲ್ಲಿ ಕೂತ್ರೆ ತಲೆ ಏನೇನೋ ಹೆಣೆಯುತ್ತೆ. ಸ್ವಂತ ಕೈಯಲ್ಲಿ ಐದು ಅಂತ ಬರೆದು ಸೈನ್ ಹಾಕಿದ ಮೇಲೆ ಯಾರು ನಂಬ್ತಾರೆ? ನಿಮ್ಮ ಲಾಯರೇ ನಂಬಲಿಲ್ಲ. ಕುಂಬಳಕಾಯಿ ಕಳ್ಳ ಅಂದ್ರೆ ನಾನ್ಯಾಕೆ ಹೆಗಲು ಮುಟ್ಟಿ ನೋಡ್ಕೊಳ್ಳಲಿ? ಆದ್ರೂ ಬಂದಿದೀನಿ ನೋಡು, ನಿಮಗೆ ಬುದ್ಧಿ ಹೇಳೋಕೆ. ಸೈನ್ ಹಾಕೋಕೆ ಹೇಳು ಅವನಿಗೆ. ನೀನು ಹೇಳಿದ್ರೆ ಕೇಳ್ತಾನೆ. ಅವನು ಬರೋ ತನಕ ನಿನ್ನನ್ನ ನಾನು ನೋಡ್ಕೋತೀನಿ. ಸ್ವಂತ ಅಕ್ಕನ ಹಾಗೆ.

ಕುಡಿಯಮ್ಮಾ, ಎಷ್ಟು ಹೊತ್ತು ಕೈಯಲ್ಲೇ ಹಿಡ್ಕೊಂಡಿರ್ತೀಯ? ಅದು ಮಾಟೆ, ಮೈಕ್ ಅಲ್ಲ! ಆರಿಹೋಗುತ್ತೆ... ಚಳಿನಾ? ಮಾಟೆ ಪಕ್ಕಕ್ಕಿಟ್ಟು ಕೈ ಉಜ್ಜಿಕೊಳ್ತಿದೀಯ. ಕಡಲ ಗಾಳಿ, ಜುಲೈನ ಚಳಿಗಾಲ ಬೇರೆ. ಇರು, ಕಾರು ಆನ್ ಮಾಡ್ತೀನಿ, ಹೀಟರ್ ಹಾಕೋಣ. ಹಾಂ... ಈಗ ಬೆಚ್ಚಗಾಗುತ್ತೆ.

ಅರೆ.

ಇದೇನಿದು? ಪರದೆ ಮೇಲೆ... ನಿಮ್ಮಿಬ್ಬರ ಫೋಟೋ. ಸಮುದ್ರದ ಹತ್ರ ತೆಗೆದದ್ದು. ಇದು ಏಬೆರ್‌ದು... ಅವನ ಫೋನ್ ತಂದಿದೀಯಾ? ಬ್ಯಾಗಲ್ಲಿದೆಯಾ? ಪೊಲೀಸರು ವಾಪಸ್ ಕೊಟ್ರಾ? ನಿನ್ನೆನಾ? ಅಯ್ಯೋ, ಹೇಳಬಾರದಾ, ಜೀವ ಹೋಯ್ತು ನಂದು! ನೋಡಿದ್ಯಾ, ಮೂರು ವಾರ ಆದ್ರೂ ಕಾರು ಮರೆತಿಲ್ಲ ಅವನನ್ನ.

ನಿನ್ನ ಫೋನ್ ಸದ್ದು ಮಾಡ್ತು. ಯಾರೋ ಮೆಸೇಜ್ ಹಾಕಿದಾರೆ, ನೋಡ್ಕೋ. ನನಗ್ಯಾಕೆ ಕೊಡ್ತೀಯ? ಕನ್ನಡಕ ಇಲ್ಲ... ಕೊಡು. 'ಕಾರು ಹತ್ತಿದೆ, ಮುದುಕಿ.' ಯಾರಿದು... ಏಬೆರ್?

ಏಬೆರ್ ಜೈಲಲ್ಲಿದಾನೆ, ಸುಲ್ಮಾ! ಯಾರು ಕಳಿಸಿದ್ದು ಇದನ್ನ? ತಮಾಷೆ ಮಾಡಬೇಡ. ಏನು ತೋರಿಸ್ತೀಯ, ಬ್ಯಾಗು... ಅವನ ಫೋನಾ? ಅದೇ ಕಳಿಸ್ತಾ? ತಾನಾಗೇ? ಕಾರಿಗೆ ಸೇರಿಕೊಂಡ ತಕ್ಷಣ...

ಓ. ಮಗಳು ಮಾಡಿಕೊಟ್ಟಿದ್ದು. ಯಮಿಲಾ. ಹೌದು, ಫೋನಿಗೆ ಹಾಗೆ ಹೇಳಿಟ್ಟಿರಬಹುದು. ಕಾರು ಸಿಕ್ಕಿದ್ರೆ ಅಮ್ಮನಿಗೆ ತಿಳಿಸು ಅಂತ. ನನಗೆ ಹೇಳೇ ಇರಲಿಲ್ಲ ಅವನು. ಹನ್ನೊಂದು ವರ್ಷದಲ್ಲಿ ಇದೊಂದನ್ನ ಹೇಳಿರಲಿಲ್ಲ, ಕಳ್ಳ.

ಏನದು, ಹಳೇ ಮೆಸೇಜಿಗೆ ಯಾಕೆ ಹೋಗ್ತಿದೀಯ? ನೋಡ್ತೀನಿ, ಬಿಡು... ದಿನಾ ಬಂದಿದೆ. 'ಕಾರು ಹತ್ತಿದೆ, ಮುದುಕಿ.' ಐದು ಮೂರು. ಐದು ಒಂಬತ್ತು. ಐದು ಹದಿನೇಳು, ಅವತ್ತು ಸಾಲಿತ್ತು. ಮಂಗಳವಾರ...

ಮಂಗಳವಾರ ಐದು ನಲವತ್ತೊಂದು.

ಫೋನುಗಳು ಹೇಳೋ ಗಂಟೆನೆಲ್ಲ ನಂಬಬಾರದು, ಸುಲ್ಮಾ. ಸಿಗ್ನಲ್ ಇರಲ್ಲ, ತಡವಾಗಿ ಬರುತ್ತೆ. ಮಳೆ ಬೇರೆ. ಅಥವಾ ಅವನು ಫೋನ್ ಎಲ್ಲೋ ಬಿಟ್ಟಿರಬೇಕು, ಆಮೇಲೆ ತಂದಿರಬೇಕು... ಆಗಬಹುದಲ್ವಾ? ಆಗಬಹುದು ಅನ್ನು. ಲಾಯರ್‌ಗೆ ತೋರಿಸಿದ್ಯಾ? ಏನಂದ? ಇದು ತಾನಾಗೇ ಹೋಗಿದ್ದು ಅಂತ ಹೇಗೆ ಗೊತ್ತಾಗಬೇಕು ಅಂದನಾ? ಕಾರಲ್ಲಿ ಕೂತು ಪರೀಕ್ಷೆ ಮಾಡಿ ಬಾ ಅಂದನಾ?

ಅದಕ್ಕಾ ಕಾರು ಬೇಕು ಅಂದದ್ದು ನೀನು. ಅದಕ್ಕಾ ಕೈ ಉಜ್ಜಿಕೊಂಡದ್ದು.

ಮೂರು ವಾರ! ಮೂರು ವಾರದಿಂದ ಇದು ನಿನ್ನ ಹತ್ರ ಇತ್ತು. ಮೊನ್ನೆ ನಿಮ್ಮನೆಗೆ ಬಂದಾಗ ನನಗೆ ಊಟಕ್ಕೆ ಬಡಿಸಿದೆಯಲ್ಲೇ! ಬಯ್ಯಬಾರದಿತ್ತಾ? ತಟ್ಟೆ ಎತ್ತಿ ಮುಖಕ್ಕೆ ಎಸೆಯಬಾರದಿತ್ತಾ? ಈಗಲಾದ್ರೂ ಬಯ್ಯಿ. ಏನಾದ್ರೂ ಅನ್ನು. ಹೀಗೆ ಕೂರಬೇಡ ತಾಯೀ...

ಒಂದು ಹಾಡು, ಸುಲ್ಮಾ. ಹಾಡು ಬದಲಾಯಿಸೋಕೆ ಪರದೆ ಕಡೆ ನೋಡಿದೆ. ಎರಡು ಸೆಕೆಂಡು, ಅಷ್ಟೆ. ಆಗಲೇ ತಡ ಆಗಿತ್ತು, ಏಬೆರ್ ಕಾಯ್ತಿರ್ತಾನೆ ಅಂತ ಜೋರಾಗಿ ಬರ್ತಿದ್ದೆ. ನಿಲ್ಲಿಸೋಣ ಅಂತಲೇ ಇದ್ದೆ. ಮುಂದಿನ ತಿರುವಲ್ಲಿ ನಿಲ್ಲಿಸ್ತೀನಿ, ಅದರ ಮುಂದಿನ ತಿರುವಲ್ಲಿ ನಿಲ್ಲಿಸ್ತೀನಿ ಅಂತ... ಅವನ ಹತ್ರ ಬಂದಾಗ ಹೇಳಿಬಿಡ್ತಿದ್ದೆ, ಆಣೆ. ಅವನು ನಗ್ತಾ ಬಂದ. ಹಾಳೆ ಇಸ್ಕೊಂಡ. 'ಐದು ಅಂತ ಬರೀಲಾ, ಸೋಮಾರಿ?' ಅಂದ. ಬರಿ ಅಂದೆ.

ಎಲ್ಲಿಗೆ? ಇಳೀಬೇಡ. ಸುಲ್ಮಾ! ಗುರುವಾರ ಎಷ್ಟು ಗಂಟೆಗೆ ಅಂತಾದ್ರೂ ಹೇಳು... ಮಾಟೆ ತುಂಬಿದ್ದು ತುಂಬಿದ ಹಾಗೇ ಇಟ್ಟೆಯಲ್ಲ. ಒಂದು ಗುಟುಕೂ ಮುಟ್ಟಲಿಲ್ವಲ್ಲ ನೀನು.

ನಿಂತ್ಕೋ, ಒಂದೇ ಮಾತು. ಪೊಲೀಸರಿಗೂ ಗೊತ್ತಿಲ್ಲ ಇದು, ಕ್ಯಾಮೆರಾಗೂ ಗೊತ್ತಿಲ್ಲ. ಗಾಜಿನ ಮುಂದೆ, ಆ ಒರೆಸೋ ಕಡ್ಡಿ ಸಂದೀಲಿ, ಒಂದು ತೊರ್ತಾ ಸಿಕ್ಕಿಹಾಕ್ಕೊಂಡಿತ್ತು. ಎರಡು ಬೀದಿ ಆಚೆ ಬಂದು ಕಿಟಕಿಯಿಂದ ಕೈ ಚಾಚಿ ತೆಗೆದೆ, ಸುಲ್ಮಾ. ಅದು ಇನ್ನೂ ಬಿಸಿ ಇತ್ತು.