ಅಮ್ಮ ಲೋಟ ಕೆಳಗಿಟ್ಟ ಗಳಿಗೆ

ಹಲ್ಲಿನ ಡಾಕ್ಟರ ಹೊರಕೋಣೆಯಲ್ಲಿ ಊದಿದ ಕೆನ್ನೆ ಹಿಡಿದು, ಲೋಕದ ಮೇಲೆಲ್ಲ ಉರಿಯುತ್ತ ಕೂತಿದ್ದ ಮೆಕ್ಯಾನಿಕ್‌. ಪಕ್ಕದಲ್ಲೇ ಅಣ್ಣ ತಂಗಿ ಒಂದೇ ಫೋನಿನ ಮೇಲೆ ಬಾಗಿದ್ದರು. ತಂಗಿ ಕಾರ್ಟೂನ್ ಗೊಂಬೆಗಳಿಗೆ ಜೀವ ತುಂಬುವವಳು.

"ಬಾತುಕೋಳಿಗೆ ಆಘಾತ ಆಗೋ ಸೀನು ಕಣೋ. ನೋಡಿ ಮಾಡೋಣ ಅಂತ ಅಪ್ಪನ ಹುಟ್ಟುಹಬ್ಬದ ವಿಡಿಯೋ ಹಾಕ್ಕೊಂಡೆ."

"ಇನ್ನೊಂದು ಸಂಸಾರ ಇದೆ ಅಂತ ಬಾಯಿಬಿಟ್ಟನಲ್ಲ, ಅದಾ? ಬಾತುಕೋಳಿಗೆ ಅದೇ ಬೇಕಿತ್ತಾ ನಿಂಗೆ?"

"ಆಮೇಲೆ ಬೈಯಿ. ನಿಜವಾಗಿ ಬೆಚ್ಚಿದವರಿಗೆ ಮೊದಲು ಕಣ್ಣು ನಿಲ್ಲುತ್ತೆ, ಆಮೇಲೆ ಉಸಿರು, ಕೈಗೆ ತಿಳಿಯೋದು ಕೊನೆಗೆ. ಗೊಂಬೆಗೂ ಹಾಗೇ ಮಾಡಿಸ್ತೀವಿ. ಈಗ ಅಮ್ಮನ್ನ ನೋಡು, ನಿಧಾನಕ್ಕೆ ಓಡಿಸ್ತೀನಿ."

"ಲೋಟ ಮೇಜಿನ ಮೇಲಿಟ್ಟಳು."

"ಚೆಲ್ಲದ ಹಾಗೆ ಇಟ್ಟಳು. ಅಪ್ಪ ಇನ್ನೂ ಬಾಯೇ ತೆರೆದಿಲ್ಲ. ಅವನು ಹೇಳಿದ ಮೇಲೆ ಅಳು."

"ಅಂದ್ರೆ ಅವಳಿಗೆ ಮೊದಲೇ ಗೊತ್ತಿತ್ತಾ?"

"ಗೊತ್ತಿತ್ತು ಕಣೋ."

"ಅವಳ ಆ ಅಳು ನೋಡಿ ನಾನು ಅಪ್ಪನ ಮಣ್ಣಿಗೂ ಹೋಗಲಿಲ್ಲ."

ಮೆಕ್ಯಾನಿಕ್‌ನ ಹಲ್ಲುನೋವೇ ನಿಂತುಹೋಯಿತು. ಒಳಬಾಗಿಲು ತೆರೆದು, ಬಾಯಲ್ಲಿ ಹತ್ತಿ ಕಚ್ಚಿಕೊಂಡು ಅಣ್ಣ ತಂಗಿಯ ತಾಯಿ ಬಂದಳು.

"ಯಾಕ್ರೋ, ಗರ ಬಡಿದವರ ಹಾಗೆ ಕೂತಿದೀರಿ?"

ಮಗ ಅವಳ ಚೀಲವನ್ನು ತಂಗಿಯ ಮಡಿಲಿಗೆ ಹಾಕಿ, ಒಬ್ಬನೇ ಮೆಟ್ಟಿಲಿಳಿದ.

"ಇವನಿಗೇನಾಯ್ತೇ?"

"ನಡಿಯಮ್ಮ," ಅಂದಳು ಮಗಳು. ತಾಯಿಯ ಕೈ ಮಾತ್ರ ಹಿಡಿಯಲಿಲ್ಲ.