ಮಾಣಿಕಪ್ಪನ ಮೂಕ ಪಾತ್ರ

ನಿಲಂಗಾ ಬಸ್ ಸ್ಟ್ಯಾಂಡಿನಲ್ಲಿ ರಂಭಾಬಾಯಿ ಗಂಡನ ಕೊರಳಿಗೆ ಮಫ್ಲರ್ ಸುತ್ತುತ್ತಿದ್ದಾಗ, ಹಿಂದಿನ ಬೆಂಚಿನ ಇಬ್ಬರು ಧಾನ್ಯದ ವ್ಯಾಪಾರಿಗಳು ಅವನದೇ ಮಾತು ತೆಗೆದರು. ವೇಷವಿಲ್ಲದ ಅವನನ್ನು ಅವರು ಎಂದೂ ಕಂಡವರಲ್ಲ.

“ಮಾಣಿಕಪ್ಪನ ಹೊಸ ಪಿಚ್ಚರ್ ನೋಡಿದೇನೋ ನಾಗನಾಥ?”

“ನೋಡೇನಿ, ಸೂರ್ಯಕಾಂತ. ಖೂನಿ ಮಾಡೋ ಮೂಕ ಆಗ್ಯಾನ. ಮಾರಿಗಿ ಕರಿ ಅರಿವಿ ಕಟಗೊಂಡು, ಕುಡಗೋಲು ಹಿಡಕೊಂಡು ಓಡತಾನ, ಅಷ್ಟೇ.”

“ಮೂವತ್ತು ವರ್ಷ ನಾಟಕದಾಗ ಬಸವಣ್ಣ ಆಗಿದ್ದಂವಾ. ಹೆಸರಿಡೋ ದಿನ ನನ್ನ ಮಗಳಿಗಿ ಸ್ಟೇಜಿಗಿ ಒಯ್ದು, ಆ ವೇಷದಾಗೇ ಅವನ ಬಾಯಿಂದ ಕಿವ್ಯಾಗ ಹೆಸರು ಹೇಳಿಸೇನಿ.”

“ಅಂಥಾ ದನಿ ಇಟಗೊಂಡು ಒಂದು ಮಾತೂ ಆಡಿಲ್ಲ. ರೊಕ್ಕಕ್ಕ ಬಾಯಿ ಮಾರಕೊಂಡಾನ.”

“ಮಗಳ ಹೆಸರೇ ಬದಲಿ ಮಾಡಬೇಕಂತೀನಿ.”

ಗಂಟಲಿನ ಆಪರೇಶನ್ ಆದ ಮೇಲೆ ಅವನಿಂದಾಗುವ ಪಾತ್ರ ಅದೊಂದೇ ಉಳಿದಿತ್ತು ಎಂದು ಹೇಳಲು ರಂಭಾಬಾಯಿ ತಿರುಗಿದಳು. ಮಾಣಿಕಪ್ಪ ಅವಳ ಕೈ ಗಟ್ಟಿಯಾಗಿ ಹಿಡಿದ.

ಬಸ್ಸೊಂದು ಬಂತು. ನಾಗನಾಥ ಎದ್ದು ಬಂದು ಮಾಣಿಕಪ್ಪನನ್ನೇ ಕೇಳಿದ, “ಕಾಕಾ, ಇದು ಉದಗೀರಕ್ಕ ಹೋಗ್ತದೇನ್ರೀ?”

ಮಾಣಿಕಪ್ಪ ಬಾಯಿ ತೆರೆದ, ಮತ್ತೆ ಮುಚ್ಚಿದ. ಹೌದೆಂದು ಕೈಸನ್ನೆ ಮಾಡಿದ.

“ಪಾಪ, ಮೂಕ ಅದಾನ,” ಎಂದ ನಾಗನಾಥ, ಬಸ್ಸಿನತ್ತ ನಡೆಯುತ್ತ. “ಆ ಪಿಚ್ಚರದಾಗ ಇಂಥವನಿಗೇ ತಗೋಬೇಕಿತ್ತು. ಖರೇ ಅನಸ್ತಿತ್ತು.”